ಸೈಕಲ್ಲನ್ನು ಹಿಂದಿನಿಂದ ನೋಡಿ: ಹಾರ್ಡ್‌ಟೇಲ್ ಕೊಳ್ಳುವವರಿಗೆ

ನಮ್ಮಜ್ಜ ಸಂತೆಯಲ್ಲಿ ಎತ್ತು ನೋಡುವಾಗ ಮುಂದೆ ನಿಲ್ಲುತ್ತಿರಲಿಲ್ಲ. ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ ಮುಂದಿನಿಂದ ಚೆಂದ ಕಾಣಿಸುವುದು ಮಾರುವವನ ಕೆಲಸ. ಅಜ್ಜ ಸೀದಾ ಹಿಂದೆ ಹೋಗುತ್ತಿದ್ದ. ಹಿಂಗಾಲು, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದ. ರೇಟಿನ ಮಾತು ಎಲ್ಲಕ್ಕಿಂತ ಕೊನೆಗೆ, ಅದೂ ಟವೆಲಿನ ಕೆಳಗೆ ಬೆರಳು ಹಿಡಿದು.

ನಾನು ಮೊದಲ ಗೇರ್ ಸೈಕಲ್ ಕೊಂಡಾಗ ಮುಂದೆಯೇ ನಿಂತು ನೋಡಿದೆ. ಅಂಗಡಿಯ ಹುಡುಗ ಹೇಳಿದ್ದು ಇಷ್ಟೇ: "ಡಬಲ್ ಶಾಕ್ ಐತ್ರೀ ಸರ, ಡಬಲ್ ಡಿಸ್ಕ್, ಇಪ್ಪತ್ತೊಂದು ಗೇರ್. ಈ ರೇಟಿಗೆ ಎಲ್ಲೂ ಸಿಗಂಗಿಲ್ಲ." ಹಸಿರು ಬಣ್ಣ ಬೇರೆ. ತಂದೆ. ಎಂಟು ತಿಂಗಳಿಗೆ ಧಾರವಾಡದ ಕೆಲಗೇರಿ ದಾಟಿ ಹೊಲದ ದಾರಿಯಲ್ಲಿ ಹೋಗುವಾಗ ಹಿಂದಿನ ಚಕ್ರದ ನಡುವಿನ ಅಚ್ಚು, ಅಂದರೆ ಆಕ್ಸಲ್, ಕಟ್ ಆಯಿತು. ಗೊಬ್ಬರ ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನಲ್ಲಿ ಸೈಕಲ್ ಹೇರಿಕೊಂಡು ಊರಿಗೆ ಬಂದೆ. "ಎಷ್ಟ್ ಕೊಟ್ರಿ ಇದಕ್ಕ?" ಎಂದು ಡ್ರೈವರ್ ಕೇಳಿದ. ಅರ್ಧ ರೇಟು ಹೇಳಿದೆ. ಅದಕ್ಕೂ ಅವನು ನಕ್ಕ.

ಆಮೇಲೆ ಎರಡು ಸೈಕಲ್ ಕೊಂಡೆ. ಗೆಳೆಯರಿಗೆ, ಅವರ ಮಕ್ಕಳಿಗೆ ಕೊಡಿಸಲು ಎಷ್ಟೋ ಸಲ ಅಂಗಡಿ ಸುತ್ತಿದೆ. ಅಲ್ಲಿ ಕಲಿತಿದ್ದನ್ನು ಕೊಳ್ಳುವಾಗ ಯಾವ ಕ್ರಮದಲ್ಲಿ ಬೇಕಾಗುತ್ತದೋ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಹೊಸಬರಿಗೆ ಒಂದು ಮಾತು. ಹಾರ್ಡ್‌ಟೇಲ್ ಎಂದರೆ ಮುಂದೆ ಮಾತ್ರ ಶಾಕ್ ಇರುವ ಮೌಂಟೇನ್ ಬೈಕು. ಹಿಂದೆ ಶಾಕ್ ಇಲ್ಲ, ಫ್ರೇಮ್ ಗಟ್ಟಿ. ಬಾಲ ಗಟ್ಟಿ, ಹೆಸರೇ ಹೇಳುತ್ತದೆ. ಹಿಂದೆಯೂ ಶಾಕ್ ಇರುವ ಸೈಕಲ್ಲುಗಳಲ್ಲಿ ನಿಜವಾಗಿ ಒಳ್ಳೆಯವು ಲಕ್ಷದ ಮೇಲೆಯೇ ಶುರುವಾಗುತ್ತವೆ. ಹನ್ನೆರಡು ಸಾವಿರಕ್ಕೆ ಸಿಗುವ "ಡಬಲ್ ಶಾಕ್" ಅಂದರೆ ಸೀಟಿನ ಕೆಳಗೆ ಒಂದು ದಪ್ಪ ಸ್ಪ್ರಿಂಗ್, ಅಷ್ಟೆ. ನೀವು ಪೆಡಲ್ ತುಳಿದ ಶಕ್ತಿಯಲ್ಲಿ ಒಂದಿಷ್ಟನ್ನು ಅದೇ ತಿಂದು ಹಾಕುತ್ತದೆ. ತೂಕ ಜಾಸ್ತಿ, ಸಡಿಲ ಆಗುವ ಜಾಗವೂ ಜಾಸ್ತಿ. ಹಾಗಾಗಿ ದುಡ್ಡು ನೋಡಿ ಕೊಳ್ಳುವವರಿಗೆ ಹಾರ್ಡ್‌ಟೇಲೇ ಸರಿ.

ಮೊದಲು ದಾರಿ, ಆಮೇಲೆ ಸೈಕಲ್

ಒಂದು ಹಾಳೆ ತೆಗೆದುಕೊಳ್ಳಿ. ಮುಂದಿನ ಆರು ತಿಂಗಳಲ್ಲಿ ನೀವು ನಿಜವಾಗಿ ಎಲ್ಲಿ ಓಡಿಸುತ್ತೀರಿ ಎಂದು ಬರೆಯಿರಿ. ಕನಸಿನ ದಾರಿ ಬೇಡ, ನಿಜವಾದದ್ದು ಬೇಕು. ಮನಾಲಿ, ಲಡಾಖ್ ಆಮೇಲೆ ನೋಡೋಣ.

ವಿದ್ಯಾನಗರದಿಂದ ಉಣಕಲ್ ಕೆರೆಗೆ, ಅಲ್ಲಿಂದ ಆಫೀಸಿಗೆ, ಭಾನುವಾರ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಪೇಡೆ ತಿಂದು ಬರುವುದು. ಇದಿಷ್ಟೇ ಆದರೆ ನಿಮಗೆ ಹಾರ್ಡ್‌ಟೇಲ್ ಬೇಕಿಲ್ಲ. ಶಾಕ್ ಇಲ್ಲದ ಹೈಬ್ರಿಡ್ ಸೈಕಲ್ ಅದೇ ದುಡ್ಡಿಗೆ ಹಗುರ ಬರುತ್ತದೆ, ಜೋರಾಗಿ ಓಡುತ್ತದೆ. ಡಾಂಬರಿನ ಮೇಲೆ ದಪ್ಪ ಬಟನ್ ಟೈರು ಗುಂಯ್ ಎಂದು ಸದ್ದು ಮಾಡುತ್ತಾ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಹೋಗುವಾಗ ಒಟ್ಟಾರೆ ಏರು, ಆಷಾಢದಲ್ಲಾದರೆ ಎದುರುಗಾಳಿ ಬೇರೆ. ಅಂಥಾ ದಿನ ಪಕ್ಕದಲ್ಲಿ ಚಿಗರಿ ಬಸ್ಸು ಸುಮ್ನೆ ಜಾರಿಕೊಂಡು ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅರ್ಧ ಡಾಂಬರು, ಅರ್ಧ ಹೊಲದ ಬಂಡಿದಾರಿ, ಕಲಘಟಗಿ ಕಡೆಯ ಕೆಂಪು ಮಣ್ಣು, ಹಳಿಯಾಳ ರಸ್ತೆಯಿಂದ ಒಳಗೆ ಹೋಗುವ ಹಳ್ಳಿ ದಾರಿ, ಆಗಾಗ ನೃಪತುಂಗ ಬೆಟ್ಟದ ಏರು. ಇದು ನಿಮ್ಮ ಹಾಳೆಯಾದರೆ ಹಾರ್ಡ್‌ಟೇಲ್ ಹೇಳಿ ಮಾಡಿಸಿದ ಹಾಗೆ. ನಮ್ಮ ಭಾಗದ ಬಹಳ ಮಂದಿ ಈ ಗುಂಪಿನವರೇ. ಮುಂದೆ 80ರಿಂದ 100 ಮಿಲಿಮೀಟರ್ ಆಡುವ ಶಾಕ್ ಇವರಿಗೆ ಧಾರಾಳ.

ಗದಗದವರ ಕತೆ ಬೇರೆ. ಕಪ್ಪತಗುಡ್ಡದ ಆಸುಪಾಸು ಗಾಳಿಗಿರಣಿಗಳಿಗೆ ಹೋಗುವ ಕಲ್ಲುದಾರಿಗಳಲ್ಲಿ ಏರು ಕಡಿದು, ಇಳಿಜಾರಿನಲ್ಲಿ ಬಿಡಿ ಕಲ್ಲು. ಅಲ್ಲಿ ಒಳ್ಳೆಯ ಬ್ರೇಕು, 100ರಿಂದ 120 ಮಿಲಿಮೀಟರ್ ಶಾಕ್, ಏರಿಗೆ ಹಗುರ ಗೇರ್ ಮೂರೂ ಬೇಕು. ಒಂದು ನೆನಪಿರಲಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಕಾಡಿನ ಒಳದಾರಿಗೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು.

ಇನ್ನು ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗಲೂ ನೋಡಿಕೊಂಡು ಓಡಿಸಬಹುದು. ಮಳೆ ಬಿದ್ದ ಮೇಲೆ ಮಾತ್ರ ಇಪ್ಪತ್ತು ಸಾವಿರದ ಸೈಕಲ್ಲೂ ಒಂದೇ, ಎರಡು ಲಕ್ಷದ್ದೂ ಒಂದೇ. ಹತ್ತು ಮಾರು ಹೋಗುವಷ್ಟರಲ್ಲಿ ಮಣ್ಣು ಟೈರಿಗೆ ಮೆತ್ತಿ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನಲ್ಲಿ ಸಿಕ್ಕಿ ಚಕ್ರ ನಿಲ್ಲುತ್ತದೆ. ಅದಕ್ಕೆ ಯಾವ ಕಂಪನಿಯ ಹತ್ತಿರವೂ ಔಷಧ ಇಲ್ಲ. ಹೆಗಲ ಮೇಲೆ ಹೊತ್ತುಕೊಂಡು ಬರಬೇಕು. ಹಗುರ ಸೈಕಲ್ ಕೊಳ್ಳಲು ಇದೂ ಒಂದು ಕಾರಣ.

ಮನೆಯಲ್ಲೇ ಅಳತೆ ತೆಗೆದುಕೊಳ್ಳಿ

ಅಂಗಡಿಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಇದು. ಅಂಗಡಿಯಲ್ಲಿ ಯಾವ ಸೈಜು ಸ್ಟಾಕ್ ಇರುತ್ತದೋ ಅದೇ ನಿಮ್ಮ ಸೈಜು ಆಗಿಬಿಡುತ್ತದೆ. "ಸೀಟು ಕೆಳಗ ಮಾಡಿದ್ರ ಆತು ಬಿಡ್ರಿ" ಎನ್ನುತ್ತಾರೆ. ಆಗುವುದಿಲ್ಲ. ಸೀಟು ಇಳಿಯುತ್ತದೆ, ಫ್ರೇಮಿನ ಉದ್ದ ಇಳಿಯುವುದಿಲ್ಲ. ಕೈ ಚಾಚಿ ಚಾಚಿ ಒಂದು ತಿಂಗಳಿಗೆ ಕುತ್ತಿಗೆ, ಬೆನ್ನು ಹಿಡಿಯುತ್ತದೆ.

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ರಟ್ಟಿನ ಪುಸ್ತಕವನ್ನು ಕಾಲುಗಳ ನಡುವೆ, ಸೀಟಿನ ಮೇಲೆ ಕೂತಷ್ಟು ಬಿಗಿಯಾಗಿ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚು ಗೋಡೆಗೆ ತಾಗುವಲ್ಲಿ ಪೆನ್ಸಿಲ್ ಗುರುತು ಹಾಕಿ. ನೆಲದಿಂದ ಆ ಗುರುತಿಗೆ ಎಷ್ಟು ಸೆಂಟಿಮೀಟರ್ ಎಂದು ಬರೆದುಕೊಳ್ಳಿ. ಸೈಕಲ್ಲಿನ ಮೇಲಿನ ಪೈಪಿನ ಎರಡೂ ಕಡೆ ಕಾಲಿಟ್ಟು ನಿಂತಾಗ ಪೈಪು ಈ ಅಳತೆಗಿಂತ ಕನಿಷ್ಠ 5 ಸೆಂಟಿಮೀಟರ್ ಕೆಳಗಿರಬೇಕು. ಕಲ್ಲುದಾರಿಯಲ್ಲಿ ತಟ್ಟನೆ ಕಾಲು ಊರುವಾಗ ಈ 5 ಸೆಂಟಿಮೀಟರಿನ ಬೆಲೆ ಗೊತ್ತಾಗುತ್ತದೆ. ಗಂಡಸರಿಗೆ ಬಿಡಿಸಿ ಹೇಳಬೇಕಿಲ್ಲ.

ಎತ್ತರದ ಅಂದಾಜು ಹೀಗೆ: 152ರಿಂದ 162 ಸೆಂಟಿಮೀಟರ್ ಇರುವವರಿಗೆ ಸ್ಮಾಲ್, 163ರಿಂದ 173 ಇರುವವರಿಗೆ ಮೀಡಿಯಂ, ಅದರ ಮೇಲೆ 185ರವರೆಗೆ ಲಾರ್ಜ್. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತದೆ, ಅವರವರ ಚಾರ್ಟ್ ನೋಡಿ. ಎರಡರ ನಡುವೆ ಬಿದ್ದರೆ ಚಿಕ್ಕದನ್ನೇ ತೆಗೆದುಕೊಳ್ಳಿ. ಬೆಳೆಯುವ ಹುಡುಗ ಅಂತ ಹತ್ತನೇ ಕ್ಲಾಸಿನವನಿಗೆ ಲಾರ್ಜ್ ಕೊಡಿಸಬೇಡಿ. ಅದು ಯೂನಿಫಾರ್ಮ್ ಅಲ್ಲ.

ದುಡ್ಡನ್ನು ಮೊದಲೇ ಎರಡು ಪಾಲು ಮಾಡಿ

ಕೈಯಲ್ಲಿ 30 ಸಾವಿರ ಇದ್ದರೆ ಸೈಕಲ್ಲಿಗೆ 26 ಎಂದು ತಿಳಿಯಿರಿ. ಉಳಿದಿದ್ದು ಹೆಲ್ಮೆಟ್, ಪಂಪು, ಎರಡು ಸ್ಪೇರ್ ಟ್ಯೂಬು, ಟೈರ್ ಲಿವರ್, ಅಲೆನ್ ಕೀ ಸೆಟ್, ಬೀಗ, ಹಿಂದೆ ಮುಂದೆ ಲೈಟ್. ಇವನ್ನು ಆಮೇಲೆ ನೋಡೋಣ ಅಂದವರು ನೋಡಿದ್ದನ್ನು ನಾನು ಕಂಡಿಲ್ಲ.

ಹಳೇ ರೇಟಿನ ಪಟ್ಟಿ ಹಿಡಿದುಕೊಂಡು ಚೌಕಾಸಿಗೆ ಇಳಿಯುವವರು ಒಂದು ತಿಳಿದಿರಬೇಕು. ಸೈಕಲ್ಲಿನ ಮೇಲಿನ ಜಿಎಸ್‌ಟಿ 12 ಪರ್ಸೆಂಟ್ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5 ಪರ್ಸೆಂಟಿಗೆ ಇಳಿಯಿತು. ಬಿಲ್ಲಿನಲ್ಲಿ ಎಷ್ಟು ಹಾಕಿದ್ದಾರೆ ನೋಡಿ.

ಈಗ ಹಿಂದಿನ ಚಕ್ರದ ಹತ್ತಿರ ಕೂತುಕೊಳ್ಳಿ

ಅಂಗಡಿಗೆ ಬಂದಿದ್ದೀರಿ. ಬಣ್ಣ, ಸ್ಟಿಕ್ಕರ್, ಶಾಕ್ ಎಲ್ಲ ಮುಂದೆ ಇವೆ. ನೀವು ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಹಿಂದಿನ ಹಲ್ಲಿನ ಚಕ್ರಗಳ ಗುಂಪು ಎರಡು ಥರ ಇರುತ್ತದೆ. ಒಂದು ಹಬ್ಬಿಗೆ, ಅಂದರೆ ಕಡ್ಡಿಗಳು ಕೂಡುವ ಚಕ್ರದ ನಡುಭಾಗಕ್ಕೆ, ತಿರುಪಿನಂತೆ ಕೂರುವ ಫ್ರೀವೀಲ್. ಇನ್ನೊಂದು ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಹಲ್ಲಿನ ಗುಂಪಿಗಿಂತ ಒಳಗೆ, ಚಕ್ರದ ನಡುವಿನ ಕಡೆಗೆ ಇರುತ್ತದೆ. ಬೇರಿಂಗಿನಿಂದ ಫ್ರೇಮಿನವರೆಗೆ ಆಕ್ಸಲ್ ಆಧಾರ ಇಲ್ಲದೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಗುಂಡಿಗೆ ಬಿದ್ದಾಗಲೆಲ್ಲ ನಿಮ್ಮ ಭಾರ ಆ ಚಾಚಿದ ತುಂಡಿನ ಮೇಲೆ. ಮೊದಲು ಬಾಗುತ್ತದೆ, ಆಮೇಲೆ ಕಟ್ ಆಗುತ್ತದೆ. ನನ್ನದು ಕಟ್ ಆಗಿದ್ದೂ ಹೀಗೆಯೇ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಫ್ರೇಮಿನ ಹತ್ತಿರಕ್ಕೆ ಸರಿದಿರುತ್ತದೆ. ಅದೇ ಗುಂಡಿ, ಅದೇ ಭಾರ, ಆದರೆ ಆಕ್ಸಲ್ ಬಾಗುವುದು ಅಪರೂಪ.

ನೋಡಿ ಗುರುತಿಸುವುದು ಹೇಗೆ? ಆಕ್ಸಲ್ಲಿನ ಸುತ್ತ, ಹಲ್ಲಿನ ಗುಂಪಿನ ನಡುವೆ, ಪಾನಾ ಕೂರಿಸಲು ಕಚ್ಚುಗಳಿರುವ ಉಂಗುರ ಕಾಣುತ್ತದೆ. ಚಕ್ರ ಹಿಡಿದುಕೊಂಡು ಹಲ್ಲಿನ ಗುಂಪನ್ನು ಹಿಮ್ಮುಖ ತಿರುಗಿಸಿ. ಆ ಉಂಗುರವೂ ಹಲ್ಲಿನ ಜೊತೆ ತಿರುಗಿದರೆ ಕ್ಯಾಸೆಟ್. ಅದು ನಿಂತೇ ಇದ್ದರೆ ಫ್ರೀವೀಲ್. ಹತ್ತು ಸೆಕೆಂಡಿನ ಕೆಲಸ. ಹಿಂದೆ 7 ಗೇರ್ ಇರುವ ಸೈಕಲ್ಲುಗಳಲ್ಲಿ ಹೆಚ್ಚಿನವು ಫ್ರೀವೀಲ್. 8 ಇದ್ದ ಮಾತ್ರಕ್ಕೆ ಕ್ಯಾಸೆಟ್ ಎಂದು ನಂಬಬೇಡಿ, 8 ಗೇರಿನ ಫ್ರೀವೀಲೂ ಬರುತ್ತದೆ. ತಿರುಗಿಸಿಯೇ ನೋಡಿ.

ಈ ಒಂದು ಪರೀಕ್ಷೆಯಿಂದ ಉಳಿದ ಸೈಕಲ್ಲಿನ ಬಗ್ಗೆಯೂ ಗೊತ್ತಾಗುತ್ತದೆ. ಮುಂದೆ ಥಳಕು ಹಾಕಿ ಹಿಂದೆ ದುಡ್ಡು ಉಳಿಸಿದ ಕಂಪನಿ ಕಣ್ಣಿಗೆ ಕಾಣದ ಜಾಗದಲ್ಲೂ ಉಳಿಸಿರುತ್ತದೆ. ಹಾಗಂತ ಫ್ರೀವೀಲ್ ಎಲ್ಲರಿಗೂ ಕೆಟ್ಟದ್ದಲ್ಲ. ನಿಮ್ಮ ತೂಕ 60 ಕಿಲೋ, ಓಡಿಸುವುದು ಊರೊಳಗೆ ಅಂದರೆ ವರ್ಷಗಟ್ಟಲೆ ಬಾಳುತ್ತದೆ. 80 ಕಿಲೋ ಇದ್ದು ಬಂಡಿದಾರಿಯಲ್ಲಿ ಹೋಗುವವರು ಬಿಟ್ಟುಬಿಡಿ.

ಅಲ್ಲೇ ಕೂತಿರುವಾಗ ಚಕ್ರ ಎತ್ತಿ ತಿರುಗಿಸಿ. ರಿಮ್ ಅತ್ತಿತ್ತ ಓಲಾಡುತ್ತಾ? ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಸುಕಿ. ಒಂದು ಬಿಗಿ, ಒಂದು ಸಡಿಲ ಇದ್ದರೆ ಬೆಂಡ್ ತೆಗೆಸಿ ಕೊಡಲು ಹೇಳಿ. ರಿಮ್ ಒಂದೇ ಗೋಡೆಯದೋ (ಸಿಂಗಲ್ ವಾಲ್) ಎರಡು ಗೋಡೆಯದೋ (ಡಬಲ್ ವಾಲ್) ಎಂದೂ ಕೇಳಿ. ಕಲ್ಲುದಾರಿಗೆ ಎರಡು ಗೋಡೆಯದೇ ಬೇಕು.

ಹಲ್ಲು ಎಣಿಸಿ, ಗೇರ್ ಎಣಿಸಬೇಡಿ

ಇಪ್ಪತ್ತೊಂದು ಗೇರ್ ಎಂದರೆ ಮುಂದೆ 3, ಹಿಂದೆ 7. ಆದರೆ ಅದರಲ್ಲಿ ಎಷ್ಟೋ ಗೇರ್ ಒಂದಕ್ಕೊಂದು ಹತ್ತಿರ ಹತ್ತಿರ. ನಿಜವಾಗಿ ಬೇಕಾದ ಲೆಕ್ಕ ಒಂದೇ. ಅತಿ ಹಗುರ ಗೇರ್ ಎಷ್ಟು ಹಗುರ? ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳಿಂದ ಭಾಗಿಸಿ. ಮುಂದೆ 24, ಹಿಂದೆ 28 ಇದ್ದರೆ 0.86. ನೃಪತುಂಗ ಬೆಟ್ಟದ ಏರಿನಲ್ಲಿ ಹೊಸಬರು ಏದುಸಿರು ಬಿಡುತ್ತಾರೆ. ಮುಂದೆ 24, ಹಿಂದೆ 34 ಇದ್ದರೆ 0.71, ಕೂತೇ ಹತ್ತಬಹುದು. ಮುಂದೆ ಒಂದೇ ಚಕ್ರ 32 ಹಲ್ಲಿನದು, ಹಿಂದೆ 51 ಇದ್ದರೆ 0.63, ಕಪ್ಪತಗುಡ್ಡದ ಕಡಿದಾದ ದಾರಿಗೂ ಸಾಕು. ಅಂದರೆ ಹೀಗೆ ಮುಂದೆ 1, ಹಿಂದೆ 12 ಇರುವ 12 ಗೇರಿನ ಸೈಕಲ್ 21 ಗೇರಿನದ್ದಕ್ಕಿಂತ ಸಲೀಸಾಗಿ ಏರು ಹತ್ತುತ್ತದೆ! ಅಜ್ಜ ಹಲ್ಲು ಎಣಿಸುತ್ತಿದ್ದುದು ಸುಮ್ನೆ ಅಲ್ಲ.

ಮುಂದೆ ಒಂದೇ ಚಕ್ರ ಇರುವುದು ನನಗೆ ಇಷ್ಟ. ಎಡಗೈಗೆ ಕೆಲಸ ಇಲ್ಲ, ಚೈನು ಬೀಳುವುದು ಕಡಿಮೆ, ಮಣ್ಣು ಸಿಕ್ಕಿಕೊಳ್ಳುವ ಜಾಗವೂ ಕಡಿಮೆ. ಆದರೆ 12 ಗೇರಿನ ಚೈನು, ಕ್ಯಾಸೆಟ್ ಸವೆದಾಗ ಜೇಬಿಗೆ ಬಿಸಿ ತಟ್ಟುತ್ತದೆ. 8 ಅಥವಾ 9 ಗೇರಿನ ಬಿಡಿಭಾಗ ಅಗ್ಗ.

ಶಿಮಾನೊ ಕಂಪನಿಯ ಗೇರುಗಳ ಮೆಟ್ಟಿಲು ಕೆಳಗಿನಿಂದ ಹೀಗಿದೆ: ಟೂರ್ನಿ, ಆಲ್ಟಸ್, ಅಸೆರಾ, ಅಲಿವಿಯೊ, ಡಿಯೋರ್, ಎಸ್‌ಎಲ್‌ಎಕ್ಸ್, ಎಕ್ಸ್‌ಟಿ, ಎಕ್ಸ್‌ಟಿಆರ್. ನಡುವಿನ ಮೆಟ್ಟಿಲುಗಳ ಜಾಗಕ್ಕೆ 2023ರಿಂದ ಕ್ಯೂಸ್ ಎಂಬ ಹೊಸ ಹೆಸರು ಬಂದಿದೆ. ಅಂಗಡಿಯಲ್ಲಿ ಒಂದು ಕೈಚಳಕ ನಡೆಯುತ್ತದೆ. ಎಲ್ಲರೂ ನೋಡುವ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವುದು) ಮಾತ್ರ ಮೇಲಿನ ಮೆಟ್ಟಿಲಿನದು ಹಾಕಿ, ಗೇರ್ ಬದಲಿಸುವ ಕೈಯ ಶಿಫ್ಟರ್, ಪೆಡಲ್ ಕೂರುವ ಕ್ರ್ಯಾಂಕ್, ಹಬ್ ಎಲ್ಲ ಕೆಳಗಿನದು ಇಟ್ಟಿರುತ್ತಾರೆ. ಪ್ರತಿಯೊಂದರ ಹೆಸರೂ ಓದಿ.

ಬ್ರೇಕಿಗೆ ಜಿಪುಣತನ ಬೇಡ

ಡಿಸ್ಕ್ ಎಂದರೆ ಎಲ್ಲ ಒಂದೇ ಅಲ್ಲ. ಕೇಬಲ್ ಎಳೆಯುವುದು ಮೆಕ್ಯಾನಿಕಲ್ ಡಿಸ್ಕ್. ಎಣ್ಣೆಯ ಒತ್ತಡದಿಂದ ನಡೆಯುವುದು ಹೈಡ್ರಾಲಿಕ್. ಲಿವರಿನಿಂದ ಹೊರಡುವ ಪೈಪನ್ನು ನೋಡಿ. ಕೇಬಲ್ ತುದಿ ಎಲ್ಲೂ ಕಾಣದಿದ್ದರೆ ಹೈಡ್ರಾಲಿಕ್. ಒಂದೇ ಬೆರಳಿಗೆ ಬ್ರೇಕ್ ಹಿಡಿಯುತ್ತದೆ, ಪ್ಯಾಡ್ ಸವೆದಂತೆ ತಾನೇ ಸರಿಹೊಂದಿಕೊಳ್ಳುತ್ತದೆ. ಇಳಿಜಾರು ಇರುವ ದಾರಿಯವರು ಬೇರೆ ಎಲ್ಲದರಲ್ಲೂ ಉಳಿಸಿ, ಇದರಲ್ಲಿ ಬೇಡ. ಅಗ್ಗದ ಮೆಕ್ಯಾನಿಕಲ್ ಡಿಸ್ಕಿಗಿಂತ, ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುವ ಒಳ್ಳೆಯ ವಿ-ಬ್ರೇಕೇ ವಾಸಿ ಎಂದು ನಮ್ಮ ಓಣಿಯ ಸೈಕಲ್ ಕಾಕಾ ಹೇಳುತ್ತಾರೆ. ಒಣ ರಸ್ತೆಗೆ ನಾನೂ ಒಪ್ಪುತ್ತೇನೆ. ಮಳೆಗಾಲದ ಕೆಸರಿಗೆ ಒಪ್ಪುವುದಿಲ್ಲ.

ಹೈಡ್ರಾಲಿಕ್ ಕೊಂಡರೆ ಎರಡು ಎಚ್ಚರ. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್ಲೇ ಹಾಕಬೇಕು. ಬೈಕಿನ ಬ್ರೇಕಿಗೆ ಹಾಕುವ ಡಾಟ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಹಾಳಾಗುತ್ತದೆ. ಇದನ್ನು ಬಲ್ಲ ಮೆಕ್ಯಾನಿಕ್ ನಿಮ್ಮ ಊರಿನಲ್ಲಿ ಇದ್ದಾರಾ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಎರಡನೆಯದು, ಚಕ್ರ ಬಿಚ್ಚಿಟ್ಟಾಗ ಲಿವರ್ ಒತ್ತಬೇಡಿ. ಪ್ಯಾಡ್‌ಗಳು ಕೂಡಿಕೊಂಡು ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಹೇಳಿಡಿ, ಮೊದಲು ಒತ್ತುವವರು ಅವರೇ.

ಯಾವ ಕೈಗೆ ಯಾವ ಬ್ರೇಕು ಎಂದೂ ನೋಡಿ. ಬೈಕು ಓಡಿಸಿದವರಿಗೆ ಬಲಗೈ ಎಂದರೆ ಮುಂದಿನದು. ಕೆಲವು ಹೊರದೇಶದ ಸೈಕಲ್ಲುಗಳಲ್ಲಿ ಅದಲುಬದಲು ಇರುತ್ತದೆ. ಬದಲಿಸಿ ಕೊಡಲು ಹೇಳಿ.

ಶಾಕ್ ಒತ್ತಿ ನೋಡುವುದು

ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿ, ಬಿಡಿ. ಚೆಂಡಿನಂತೆ ಫಟ್ ಎಂದು ಎದ್ದರೆ ಒಳಗೆ ಬರೀ ಸ್ಪ್ರಿಂಗ್. ನಿಧಾನಕ್ಕೆ, ತಡೆದು ತಡೆದು ಎದ್ದರೆ ಅದರೊಳಗೆ ಕುಣಿತ ತಡೆಯುವ ವ್ಯವಸ್ಥೆ ಇದೆ. ಬಾಗಿಲು ತಾನೇ ಮೆಲ್ಲಗೆ ಮುಚ್ಚಿಕೊಂಡ ಹಾಗೆ. ಹಿಂದೆ ಮುಂದೆ ಅಲ್ಲಾಡಿಸಿದಾಗ ಫೋರ್ಕಿನ ಕಾಲುಗಳು ಗಡಗಡ ಎಂದರೆ ಮುಂದಿನ ಸೈಕಲ್ ನೋಡಿ.

ಲಾಕೌಟ್ ಇದ್ದರೆ ಒಳ್ಳೆಯದು. ಡಾಂಬರಿನ ಮೇಲೆ ಶಾಕ್ ಬಂದ್ ಮಾಡಬಹುದು. ಏರ್ ಫೋರ್ಕ್ ಸಿಕ್ಕರೆ ಇನ್ನೂ ಒಳ್ಳೆಯದು. ಹಗುರ, ಮತ್ತು ನಿಮ್ಮ ತೂಕಕ್ಕೆ ತಕ್ಕಂತೆ ಗಾಳಿ ತುಂಬಬಹುದು. 55 ಕಿಲೋ ಇರುವವರಿಗೆ ಸ್ಪ್ರಿಂಗ್ ಫೋರ್ಕ್ ಅರ್ಧವೂ ಒತ್ತುವುದಿಲ್ಲ, ಬರೀ ಭಾರ ಹೊತ್ತ ಹಾಗೆ. ಏರ್ ಫೋರ್ಕ್ ಮೇಲೆ ಸುಮ್ಮನೆ ಕೂತಾಗ ಅದರ ಆಟದ ಐದನೇ ಒಂದು ಪಾಲಿನಿಂದ ನಾಲ್ಕನೇ ಒಂದು ಪಾಲು, ಅಂದರೆ 100 ಮಿಲಿಮೀಟರಿನದ್ದು 20ರಿಂದ 25 ಮಿಲಿಮೀಟರ್ ಇಳಿಯಬೇಕು. ಫೋರ್ಕಿನ ಕಾಲಿಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ ಕೆಳಕ್ಕೆ ಸರಿಸಿ ಕೂತರೆ ಎಷ್ಟು ಇಳಿಯಿತು ಎಂದು ಅದೇ ತೋರಿಸುತ್ತದೆ. ಇದಕ್ಕೆ ಬೇರೆ ಪಂಪು ಬೇಕು, ಪಂಕ್ಚರ್ ಅಂಗಡಿಯ ಗಾಳಿ ಹಿಡಿಸಬೇಡಿ.

ಚಕ್ರ, ಟೈರು, ನೆಗ್ಗಿಲ ಮುಳ್ಳು

ಈಗ 26, 27.5, 29 ಇಂಚು ಎಂದು ಮೂರು ಅಳತೆ ಇವೆ. ದೊಡ್ಡ ಚಕ್ರ ಕಲ್ಲು, ಗುಂಡಿಯ ಮೇಲೆ ಸಲೀಸಾಗಿ ಉರುಳುತ್ತದೆ. ಚಿಕ್ಕದು ಚುರುಕಾಗಿ ತಿರುಗುತ್ತದೆ. ಒಂದು ತಮಾಷೆ: ನಮ್ಮ ಮನೆಗಳ ಹಳೇ ಕರಿ ಸೈಕಲ್ಲಿನ "28 ಇಂಚಿನ" ರಿಮ್ ಈ 29ರ ರಿಮ್ಮಿಗಿಂತ ದೊಡ್ಡದು. ಅದು 635 ಮಿಲಿಮೀಟರ್, ಇದು 622. ಹೆಸರಿನ ಲೆಕ್ಕ ನಂಬಬೇಡಿ, ಟೈರಿನ ಪಕ್ಕದಲ್ಲಿ ಬರೆದ ಮಿಲಿಮೀಟರ್ ನೋಡಿ ಟ್ಯೂಬ್ ತನ್ನಿ. ಎತ್ತರ 165ರ ಮೇಲಿದ್ದರೆ 29, ಕಡಿಮೆ ಇದ್ದರೆ 27.5 ನನ್ನ ಸಲಹೆ. 26ರ ಟೈರು ಟ್ಯೂಬು ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ ಎಂಬುದು ಮಾತ್ರ ಅದರ ದೊಡ್ಡ ಗುಣ.

ನಮ್ಮ ಕಡೆ ಸೈಕಲ್ಲಿನ ನಿಜವಾದ ಶತ್ರು ಗುಂಡಿ ಅಲ್ಲ, ಮುಳ್ಳು. ಜಾಲಿ ಮುಳ್ಳಾದರೂ ಕಣ್ಣಿಗೆ ಕಾಣುತ್ತದೆ. ನೆಗ್ಗಿಲ ಮುಳ್ಳು ನೆಲಕ್ಕೆ ಅಂಟಿಕೊಂಡು ಹರಡಿರುತ್ತದೆ, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಒಂದು ಬೆಳಗ್ಗೆ ಗದಗ ಕಡೆಯ ಮಡ್ಡಿಯಲ್ಲಿ ನನ್ನ ಒಂದೇ ಟೈರಿನಿಂದ ಹದಿಮೂರು ಕಿತ್ತಿದ್ದೇನೆ. ಅಂಥಾ ದಾರಿಯವರು ಟ್ಯೂಬ್‌ಲೆಸ್‌ಗೆ ಹೊಂದುವ ರಿಮ್, ಟೈರು ಇರುವ ಸೈಕಲ್ ಹುಡುಕಿ. ಒಳಗೆ ಹಾಕುವ ಸೀಲೆಂಟ್ ಒಂದು 29ರ ಟೈರಿಗೆ 100 ಮಿಲಿಲೀಟರ್ ಆಸುಪಾಸು ಬೇಕು. ಸಣ್ಣ ತೂತನ್ನು ಓಡುತ್ತಲೇ ಮುಚ್ಚುತ್ತದೆ. ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಹೊಸದಾಗಿ ಹಾಕಬೇಕು. ಅಷ್ಟು ದುಡ್ಡಿಲ್ಲದಿದ್ದರೆ ಟ್ಯೂಬಿನೊಳಗೇ ಸೀಲೆಂಟ್ ಹಾಕಿಸಬಹುದು.

ವಾಲ್ವ್ ಯಾವುದು ನೋಡಿ. ಬೈಕಿನಂಥದ್ದೇ ದಪ್ಪ ವಾಲ್ವ್ ಇದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹೊಡೆಸಬಹುದು. ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇದ್ದರೆ ಸಣ್ಣ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ. 70 ಕಿಲೋ ತೂಕದವರು ಟ್ಯೂಬ್ ಇರುವ 2.2 ಇಂಚಿನ ಟೈರಿಗೆ ಮಣ್ಣಿನ ದಾರಿಯಲ್ಲಿ 30ರಿಂದ 35 ಪಿಎಸ್‌ಐ ಗಾಳಿ, ಡಾಂಬರಿಗೆ 45 ಹಾಕಿ ಶುರು ಮಾಡಿ. ಇನ್ನೂ ಕಡಿಮೆ ಮಾಡಿದರೆ ಕಲ್ಲಿಗೆ ಬಡಿದಾಗ ರಿಮ್ ಮತ್ತು ಕಲ್ಲಿನ ನಡುವೆ ಟ್ಯೂಬ್ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಕಂಪ್ರೆಸರ್ ಅಂಗಡಿಯವರಿಗೆ ಎಷ್ಟು ಬೇಕು ಎಂದು ಮೊದಲೇ ಹೇಳಿ, ಪಕ್ಕದಲ್ಲೇ ನಿಂತಿರಿ.

ಯಾವ ದುಡ್ಡಿಗೆ ಏನು

ಇವು ಅಂದಾಜು ಮಾತ್ರ. ಹಬ್ಬದ ರಿಯಾಯಿತಿಯಲ್ಲಿ ಒಂದು ಮೆಟ್ಟಿಲು ಮೇಲಿನದೂ ಸಿಗಬಹುದು.

15 ಸಾವಿರದ ಒಳಗೆ ಹೊಸ ಹಾರ್ಡ್‌ಟೇಲ್ ಬೇಡ. ಸ್ಟೀಲ್ ಫ್ರೇಮ್, 17-18 ಕಿಲೋ ಭಾರ, ಆಟಿಕೆ ಶಾಕ್. ಅದೇ ದುಡ್ಡಿಗೆ ಶಾಕ್ ಇಲ್ಲದ, ವಿ-ಬ್ರೇಕಿನ ಸರಳ ಸೈಕಲ್ ತೆಗೆದುಕೊಳ್ಳಿ, ಇಲ್ಲವೇ ಒಳ್ಳೆಯ ಹಳೇ ಸೈಕಲ್ ಹುಡುಕಿ.

15ರಿಂದ 25 ಸಾವಿರಕ್ಕೆ ಅಲಾಯ್ ಫ್ರೇಮ್, ಮೆಕ್ಯಾನಿಕಲ್ ಡಿಸ್ಕ್, 21 ಅಥವಾ 24 ಗೇರ್ ಬರುತ್ತದೆ. ಕಾಲೇಜಿಗೆ, ಕೆರೆ ದಂಡೆಗೆ, ಹೊಲಕ್ಕೆ ಸಾಕು. ಇಲ್ಲಿ ಆ ಹಿಮ್ಮುಖ ತಿರುಗಿಸುವ ಪರೀಕ್ಷೆ ಬಹಳ ಮುಖ್ಯ. ಒಂದೇ ರೇಟಿನ ಎರಡರಲ್ಲಿ ಒಂದಕ್ಕೆ ಕ್ಯಾಸೆಟ್ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ.

25ರಿಂದ 45 ಸಾವಿರದ ನಡುವೆ ನಿಜವಾದ ಹಾರ್ಡ್‌ಟೇಲ್ ಶುರುವಾಗುತ್ತದೆ. ಕ್ಯಾಸೆಟ್, ಹೈಡ್ರಾಲಿಕ್ ಬ್ರೇಕ್, ಲಾಕೌಟ್ ಇರುವ 100 ಮಿಲಿಮೀಟರ್ ಶಾಕ್ ಮೂರೂ ಇರಬೇಕು. ಮೂರರಲ್ಲಿ ಒಂದು ಬಿಡಬೇಕಾದರೆ ಲಾಕೌಟ್ ಬಿಡಿ. ಫೈರ್‌ಫಾಕ್ಸ್, ಮೊಂಟ್ರಾ, ಡೆಕಾಥ್ಲಾನಿನ ರಾಕ್‌ರೈಡರ್ ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿ. ಹುಬ್ಬಳ್ಳಿ-ಧಾರವಾಡದವರಿಗೆ ನಾನು ಹೆಚ್ಚಾಗಿ ಹೇಳುವುದು ಈ ಮಟ್ಟದ್ದೇ.

45ರಿಂದ 80 ಸಾವಿರಕ್ಕೆ ಟ್ರೆಕ್ ಮಾರ್ಲಿನ್, ಜೈಂಟ್ ಟ್ಯಾಲನ್, ಸ್ಕಾಟ್ ಆಸ್ಪೆಕ್ಟ್, ಮೆರಿಡಾ ಬಿಗ್ ನೈನ್ ಥರದ ಹೆಸರುಗಳು ಬರುತ್ತವೆ. ಫ್ರೇಮಿನ ಗುಣ ಇಲ್ಲಿ ಏರುತ್ತದೆ. ಮುಂದೆ ಬಿಡಿಭಾಗ ಬದಲಿಸುತ್ತಾ ಹೋಗುವ ಆಸೆ ಇದ್ದರೆ ಹ್ಯಾಂಡಲಿನ ಕೆಳಗಿನ ಪೈಪು ಕೆಳಕ್ಕೆ ದಪ್ಪ ಆಗುವಂಥದ್ದು ಇದೆಯೇ ನೋಡಿ. ಒಳ್ಳೆಯ ಏರ್ ಫೋರ್ಕುಗಳು ಈಗ ಅದಕ್ಕೇ ಬರುತ್ತವೆ. 80ರ ಮೇಲೆ ಕೊಳ್ಳುವವರಿಗೆ ಈ ಲೇಖನ ಬೇಕಿಲ್ಲ, ಅವರು ಆಗಲೇ ನನಗಿಂತ ಜಾಸ್ತಿ ಓದಿಕೊಂಡಿರುತ್ತಾರೆ.

ಹಳೇ ಸೈಕಲ್ ಆದರೆ

ನೌಕರಿ ಸಿಕ್ಕು ಬೆಂಗಳೂರಿಗೆ ಹೋಗುವವರು ಅಷ್ಟೇನೂ ಓಡಿಸದ ಸೈಕಲ್ ಮಾರುತ್ತಾರೆ. ಒಳ್ಳೆಯ ವ್ಯಾಪಾರ. ಹ್ಯಾಂಡಲಿನ ಕೆಳಗೆ ಎರಡು ಪೈಪು ಕೂಡುವ ಜಾಗದ ಅಡಿಯಲ್ಲಿ ಬಣ್ಣ ಸುಕ್ಕು ಬಿದ್ದಿದ್ದರೆ ಎದುರಿನಿಂದ ಗುದ್ದಿದ ಸೈಕಲ್, ಬೇಡ. ಫೋರ್ಕಿನ ಹೊಳೆಯುವ ಕಾಲಿನ ಮೇಲೆ ಬೆರಳಾಡಿಸಿ, ಗೀರು ಉಗುರಿಗೆ ಸಿಕ್ಕರೆ ಸೀಲ್ ಹೋಗಿದೆ ಎಂದು ತಿಳಿಯಿರಿ. ಚೈನಿಗೆ ಮಕ್ಕಳ ಸ್ಕೇಲ್ ಹಿಡಿಯಿರಿ. ಒಂದು ಪಿನ್ನಿನ ನಡುವಿನಿಂದ, ಅದನ್ನು ಬಿಟ್ಟು ಮುಂದಕ್ಕೆ ಎಣಿಸಿದ ಇಪ್ಪತ್ನಾಲ್ಕನೇ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು ಬರಬೇಕು. ಒಂದು ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಜಾಸ್ತಿ ಬಂದರೆ ಕ್ಯಾಸೆಟ್ಟೂ ಹೋಗಿದೆ, ಆ ಖರ್ಚು ರೇಟಿನಲ್ಲಿ ಕಳೆಯಿರಿ. ಬಿಲ್ ಕೇಳಿ. ಎರಡು ಪೆಡಲ್‌ಗಳ ನಡುವೆ ಫ್ರೇಮಿನ ಅಡಿಗೆ ಹೊಡೆದ ನಂಬರ್ ಬಿಲ್ಲಿನದ್ದಕ್ಕೆ ಹೊಂದದಿದ್ದರೆ ಚಹಾ ಕುಡಿದು ವಾಪಸ್ ಬನ್ನಿ.

ಓಡಿಸಿ ನೋಡಿ, ಆಮೇಲೆ ಮನೆಗೆ ತನ್ನಿ

ಅಂಗಡಿ ಮುಂದೆ ಒಂದು ಸುತ್ತು ಸಾಲದು. ಹದಿನೈದು ನಿಮಿಷ ಕೇಳಿ, ಬೇಕಾದರೆ ಮೊಬೈಲ್ ಇಟ್ಟು ಹೋಗಿ. ಸೀಟು ಹೀಗೆ ಹೊಂದಿಸಿ: ಪೆಡಲ್ ಕೆಳಗೆ ಇದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಒಂದು ಏರು, ಒಂದು ಸ್ಪೀಡ್ ಬ್ರೇಕರ್, ಒಂದು ಕೆಟ್ಟ ರಸ್ತೆ ಹುಡುಕಿ. ಕೆಟ್ಟ ರಸ್ತೆಗೆ ನಮ್ಮ ಊರಲ್ಲಿ ದೂರ ಹೋಗಬೇಕಿಲ್ಲ. ಏರಿನಲ್ಲಿ ನಿಂತು ತುಳಿಯಿರಿ. ಕಟಕಟ ಎಂದರೆ ಎಲ್ಲಿಂದ ಎಂದು ಕೇಳಿಸಿಕೊಳ್ಳಿ.

ಪೆಟ್ಟಿಗೆಯಿಂದ ತೆಗೆದು ಜೋಡಿಸುವಾಗ ತಪ್ಪು ಆಗುತ್ತದೆ. ನಾನು ಕಂಡಿದ್ದರಲ್ಲಿ ದೊಡ್ಡದು ಫೋರ್ಕನ್ನೇ ಹಿಂದುಮುಂದು ಹಾಕಿದ್ದು! ಮುಂದಿನ ಡಿಸ್ಕ್ ಎಡಗಡೆ ಇರಬೇಕು. ಬಲಗಡೆ ಕಂಡರೆ ಫೋರ್ಕ್ ತಿರುಗಿದೆ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಗೊತ್ತಿಲ್ಲದೆ ಬಲವಂತ ಮಾಡಿದರೆ ಕ್ರ್ಯಾಂಕೇ ಹಾಳು.

ಮೊದಲ ತಿಂಗಳು ಗೇರ್ ಕೇಬಲ್ ಎಳೆದುಕೊಳ್ಳುತ್ತದೆ, ಕಡ್ಡಿ ಸಡಿಲ ಆಗುತ್ತದೆ. ಗೇರ್ ತಾನೇ ಹಾರಿದರೆ ಗಾಬರಿ ಬೇಡ. ಒಂದು ತಿಂಗಳಿಗೋ 150 ಕಿಲೋಮೀಟರಿಗೋ ಮೊದಲ ಸರ್ವಿಸ್ ಮಾಡಿಸಿ, ಹೆಚ್ಚಿನ ಅಂಗಡಿಗಳು ಅದನ್ನು ಪುಕ್ಕಟೆ ಮಾಡಿಕೊಡುತ್ತವೆ. ಸೈಕಲ್ ಬಿಟ್ಟು ಬರುವ ಮುಂಚೆ ಅಂಗಡಿಯವರಿಗೆ ಹೇಳಬೇಕಾದ್ದು: ಹಿಂದಿನ ಚಕ್ರದ ಬೆಂಡ್ ನೋಡಿ, ಕಡ್ಡಿ ಬಿಗಿ ಮಾಡಿ, ಗೇರ್ ಹೊಂದಿಸಿ. ವಾಪಸ್ ತರುವಾಗ ಅಂಗಡಿಯಲ್ಲೇ ಹಿಂದಿನ ಚಕ್ರ ಎತ್ತಿ ತಿರುಗಿಸಿ ನೋಡಿ, ಆಮೇಲೆ ಹತ್ತಿ.